ಕಡಲಿಗೆ ಬಿದ್ದವರನ್ನು ಎತ್ತಿ ತಂದ ವಿಮಾನ



ಹಳ್ಳಿಗಳಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುವ ರೂಢಿಯಿತ್ತು. ಟೊಳ್ಳಾದ ಬುರುಡೆ ತಾನೂ ಮುಳುಗದು, ಮಗುವನ್ನೂ ಮುಳುಗಗೊಡದು. ವಿಮಾನಕ್ಕೂ ಇದೇ ಉಪಾಯ ಮಾಡಬಹುದು. ಚಕ್ರಗಳ ಬದಲು ದೋಣಿಯಾಕಾರದ ಟೊಳ್ಳು ಫ್ಲೋಟ್‌ಗಳನ್ನು ಜೋಡಿಸಿದರೆ ಅದು ನೀರಿನ ಮೇಲೆ ಇಳಿಯಬಲ್ಲದು, ನೀರಿನಿಂದಲೇ ಮೇಲೇರಬಲ್ಲದು. ಇದೇ ಫ್ಲೋಟ್‌ಪ್ಲೇನ್. ವಿಮಾನದ ಒಡಲೇ ದೋಣಿಯಂತೆ ತೇಲುವುದಾದರೆ ಅದನ್ನು ‘ಹಾರುವ ದೋಣಿ’ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ಯಾಟಲೀನಾ ಎಂಬ ಹಾರುವ ದೋಣಿಗಳನ್ನು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ದುರಸ್ತಿ ಮಾಡುತ್ತಿದ್ದರು.

ಯುದ್ಧನೌಕೆಗೆ ವಿಮಾನವೇಕೆ? ಭೂಮಿ ದುಂಡಗಿರುವುದರಿಂದ ಹಡಗಿನ ಮೇಲೆ ನಿಂತವನಿಗೆ ದಿಗಂತದಾಚೆ ಏನಿದೆಯೆಂದು ಕಾಣದು. ಮೇಲೇರಿದಷ್ಟೂ ದಿಗಂತ ದೂರ ಸರಿಯುತ್ತದೆ. ಶತ್ರು ಹಡಗುಗಳನ್ನೂ ಜಲಾಂತರ್ಗಾಮಿಗಳನ್ನೂ ಹುಡುಕಲು, ಫಿರಂಗಿಯ ಗುಂಡು ಎಲ್ಲಿ ಬಿತ್ತೆಂದು ತಿಳಿಸಲು ಇಂಥ ವಿಮಾನ ನೌಕೆಯ ಕಣ್ಣಾಗಿತ್ತು.

ಅಮೆರಿಕದ ‘ಕಿಂಗ್‌ಫಿಷರ್’ ಇವುಗಳಲ್ಲಿ ಪ್ರಸಿದ್ಧ. 1938ರಲ್ಲಿ ಮೊದಲು ಹಾರಿದ ಈ ವಿಮಾನದಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ಎಂಜಿನ್ 450 ಅಶ್ವಶಕ್ತಿಯದು. ನಡುವೆ ಒಂದು ದೊಡ್ಡ ಫ್ಲೋಟ್, ರೆಕ್ಕೆಗಳ ಕೆಳಗೆ ಎರಡು ಚಿಕ್ಕವು. ಕವಣೆಯಿಂದ ಕಲ್ಲೆಸೆದಂತೆ ಕ್ಯಾಟಪಲ್ಟ್ ಯಂತ್ರ ಇದನ್ನು ಹಡಗಿನಿಂದ ಆಕಾಶಕ್ಕೆ ಚಿಮ್ಮಿಸುತ್ತಿತ್ತು. ಹಿಂತಿರುಗುವಾಗ ಹಡಗು ತಿರುವು ತೆಗೆದುಕೊಂಡು ಅಲೆಗಳನ್ನು ತಗ್ಗಿಸುತ್ತಿತ್ತು. ಆ ನಯವಾದ ನೀರಿನ ಮೇಲೆ ಇಳಿದ ವಿಮಾನವನ್ನು ಕ್ರೇನ್ ಮೇಲೆತ್ತುತ್ತಿತ್ತು.

ಕಾವಲಿಗೆಂದು ಬಂದ ಈ ವಿಮಾನ ಜೀವರಕ್ಷಕವೂ ಆಯಿತು. 1942ರ ಅಕ್ಟೋಬರ್‌ನಲ್ಲಿ ಖ್ಯಾತ ವೈಮಾನಿಕ ಎಡ್ಡಿ ರಿಕನ್‌ಬ್ಯಾಕರ್ ಮತ್ತು ಸಂಗಡಿಗರಿದ್ದ ವಿಮಾನ ಪೆಸಿಫಿಕ್ ಸಾಗರಕ್ಕೆ ಇಳಿಯಬೇಕಾಯಿತು. ರಬ್ಬರ್ ತೆಪ್ಪಗಳಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ತೇಲಿದ ರಿಕನ್‌ಬ್ಯಾಕರ್‌ರನ್ನು ಎತ್ತಿಕೊಂಡದ್ದು ಒಂದು ಕಿಂಗ್‌ಫಿಷರ್. ಒಳಗೆ ಜಾಗವಿಲ್ಲದೆ ಅವರನ್ನು ರೆಕ್ಕೆಯ ಮೇಲೆ ಕಟ್ಟಿ, ವಿಮಾನವನ್ನು ನೀರಿನ ಮೇಲೆಯೇ ನಡೆಸಿಕೊಂಡು ಹೋದರು.

1944ರ ಏಪ್ರಿಲ್ ಕೊನೆಯಲ್ಲಿ ಜಪಾನಿನ ನೆಲೆಯಾಗಿದ್ದ ಟ್ರಕ್ ದ್ವೀಪಗಳ ಮೇಲೆ ಅಮೆರಿಕದ ವಿಮಾನಗಳು ದಾಳಿ ಮಾಡಿದಾಗ ಹಲವು ವೈಮಾನಿಕರು ಕಡಲಿಗೆ ಬಿದ್ದರು. ‘ನಾರ್ತ್ ಕೆರೋಲಿನಾ’ ನೌಕೆಯ ಜಾನ್ ಬರ್ನ್ಸ್ ತನ್ನ ಕಿಂಗ್‌ಫಿಷರ್ ಇಳಿಸಿ ಏಳು ಜನರನ್ನು ಹತ್ತಿಸಿಕೊಂಡ. ಅಷ್ಟು ಭಾರ ಹೊತ್ತು ಹಾರುವುದು ಅಸಾಧ್ಯ. ಏಕೆಂದರೆ, ಭಾರ ಹೆಚ್ಚಿದಷ್ಟೂ ಫ್ಲೋಟ್ ಆಳಕ್ಕೆ ಇಳಿಯುತ್ತದೆ, ನೀರಿನ ತಡೆ ಹೆಚ್ಚುತ್ತದೆ, ಮೇಲೇರಲು ಬೇಕಾದ ವೇಗ ಬರುವುದಿಲ್ಲ. ರೆಕ್ಕೆಯ ಮೇಲೆ ಜನ ಕುಳಿತರೆ ಗಾಳಿಯ ಹರಿವೂ ಕೆಡುತ್ತದೆ. ಹಾರಲಾಗದಿದ್ದರೂ ತೇಲಬಲ್ಲದಲ್ಲವೇ? ಬರ್ನ್ಸ್ ಅದನ್ನು ದೋಣಿಯಂತೆ ನಡೆಸಿ ‘ಟ್ಯಾಂಗ್’ ಜಲಾಂತರ್ಗಾಮಿಗೆ ಅವರನ್ನು ತಲುಪಿಸಿದ. ಅಲೆಗಳ ಹೊಡೆತಕ್ಕೆ ಜಖಂಗೊಂಡಿದ್ದ ವಿಮಾನವನ್ನು ಕೊನೆಗೆ ಅಲ್ಲಿಯೇ ಮುಳುಗಿಸಬೇಕಾಯಿತು. ಆ ದಾಳಿಯಲ್ಲಿ ಟ್ಯಾಂಗ್ ಉಳಿಸಿದ ವೈಮಾನಿಕರು ಒಟ್ಟು 22.

ಯುದ್ಧಾನಂತರ ನೌಕೆಗಳಲ್ಲಿ ಈ ಕೆಲಸ ಹೆಲಿಕಾಪ್ಟರಿನ ಪಾಲಾಯಿತು. ಅದಕ್ಕೆ ಕವಣೆಯೂ ಬೇಡ, ಶಾಂತ ನೀರೂ ಬೇಡ. ನಿಂತಲ್ಲೇ ನಿಂತು ಹಗ್ಗ ಇಳಿಬಿಡಬಲ್ಲದು. ಮುಂದೆ ನೆರೆಯಲ್ಲಿ ಸಿಲುಕಿದವರನ್ನು ಹೆಲಿಕಾಪ್ಟರ್ ಎತ್ತುವ ದೃಶ್ಯ ಕಂಡಾಗ, ಇದೇ ಕೆಲಸವನ್ನು ಹಿಂದೆ ಫ್ಲೋಟ್ ಕಟ್ಟಿಕೊಂಡ ಪುಟ್ಟ ವಿಮಾನವೊಂದು ಮಾಡಿತ್ತೆಂಬುದನ್ನು ನೆನಪಿಸಿಕೊಳ್ಳಿ.