ಸಲೈನ್ ಏರಿಸಿದರೆ ಯಕೃತ್ತಿನ ರಕ್ತಸಂಚಾರ ಮರಳುತ್ತದೆಯೇ?

ಪ್ರಶ್ನೆ: ತೀವ್ರ ರಕ್ತಸ್ರಾವವಾದವರಿಗೆ ಸಲೈನ್ ಹಾಕಿದರೆ ಯಕೃತ್ತಿನ ರಕ್ತಸಂಚಾರ ಸರಿಹೋಗುತ್ತದೆಯೇ? (ಓದುಗರು, ಬಾಶೆಟ್ಟಿಹಳ್ಳಿ)

ಉತ್ತರ: ಪೂರ್ತಿಯಾಗಿ ಇಲ್ಲ. ಯಕೃತ್ತಿಗೆ ಬೇಕಾದ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ಅಭಿಧಮನಿಯ ಮೂಲಕ ಒದಗುವುದರಿಂದ, ಮಿದುಳು, ಹೃದಯಗಳನ್ನು ಉಳಿಸಲು ದೇಹವು ಕರುಳಿನ ನಾಳಗಳನ್ನು ಸಂಕುಚಿಸಿದೊಡನೆ ಆ ಹರಿವು ಕುಗ್ಗುತ್ತದೆ. ಯಕೃತ್ತಿನ ಅಪಧಮನಿ ಹಿಗ್ಗಿದರೂ ಕೊರತೆಯನ್ನು ಭಾಗಶಃ ಮಾತ್ರ ತುಂಬಬಲ್ಲದು. ಸಲೈನ್ ರಕ್ತದೊತ್ತಡವನ್ನೂ ದೊಡ್ಡ ನಾಳಗಳ ಹರಿವನ್ನೂ ಎತ್ತುತ್ತದೆ, ಆದರೆ ಯಕೃತ್ತಿನ ಕೋಶಗಳ ನಡುವಿನ ಸೈನುಸಾಯ್ಡ್ ಎಂಬ ಸೂಕ್ಷ್ಮನಾಳಗಳ ಒಳಪದರ ಊದಿಕೊಂಡು, ಒತ್ತಡ ಮರಳಿದ ಮೇಲೂ ಅಲ್ಲಿನ ಸಂಚಾರ ಕುಂಠಿತವಾಗಿಯೇ ಉಳಿಯುವುದನ್ನು ಪ್ರಾಣಿಪ್ರಯೋಗಗಳು ತೋರಿಸಿವೆ. ಸಲೈನ್‌ನಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಇಲ್ಲ. ಅತಿಯಾದರೆ ರಕ್ತ ತೆಳುವಾಗಿ ಹೆಪ್ಪುಗಟ್ಟುವ ಶಕ್ತಿಯೂ ಕುಂದುತ್ತದೆ. ಆದ್ದರಿಂದ ರಕ್ತಸ್ರಾವವನ್ನು ನಿಲ್ಲಿಸಿ, ಬೇಗನೆ ರಕ್ತ ಕೊಡುವುದೇ ಮುಖ್ಯ ಚಿಕಿತ್ಸೆ. ದೊಡ್ಡಬಳ್ಳಾಪುರ ಕೈಗಾರಿಕಾ ಪ್ರದೇಶದಂಥ ಕಡೆ ಅಪಘಾತವಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿಹಿಡಿದು, ತಡಮಾಡದೆ 108ಕ್ಕೆ ಕರೆಮಾಡಬೇಕು.