ವಾಣಿಜ್ಯ ಪದವಿಯ ಮೊದಲ ವರ್ಷ: ಆಯ್ಕೆ ಎಲ್ಲಿದೆ?

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಬಿ.ಕಾಂ. ವಿಷಯಗಳನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಣಿಜ್ಯ ವಿಭಾಗದ ಗೆಳೆಯರು ನಗಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಂಗಿ ಈ ವರ್ಷ ಬಿ.ಕಾಂ. ಸೇರಿದ್ದಾಳೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದ ಕಾರಣ, "ಅಣ್ಣನನ್ನು ಕೇಳಿ ಮಾಡಮ್ಮ" ಎಂದು ತಂದೆಯವರು ಹೊಣೆಯನ್ನೆಲ್ಲ ನನ್ನ ಮೇಲೆ ಹೊರಿಸಿದರು. ಆ ಅಣ್ಣನ ಯೋಗ್ಯತೆಯಾದರೋ ಇಷ್ಟು: ಐದು ವರ್ಷಗಳ ಹಿಂದೆ ಪಿ.ಯು.ಸಿ. ಅರ್ಜಿ ತುಂಬುವಾಗ, ವಿಷಯಗಳ ಸಾಲಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ, ಮುಂದೆ ನಿಂತಿದ್ದ ಹುಡುಗನ ಅರ್ಜಿಯನ್ನು ಇಣುಕಿ ನೋಡಿ ಬರೆದವನು. ಈಗ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುವ ಆಸೆಯಿಂದ ಪುಸ್ತಕ ತೆರೆದರೆ ಪುಟಪುಟದಲ್ಲಿಯೂ ಗಣಿತ ಎದುರಾಗುತ್ತದೆ. ಎಸ್.ಎಸ್.ಎಲ್.ಸಿ.ಯ ನಂತರ ಗಣಿತವನ್ನು ಬಿಟ್ಟವನಿಗೆ ಇದು ತಕ್ಕ ಶಾಸ್ತಿಯೇ ಸರಿ.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಬಿ.ಕಾಂ. ಮೊದಲ ವರ್ಷದಲ್ಲಿ ಆರಿಸಿಕೊಳ್ಳುವುದು ಬಹಳ ಕಡಮೆ. ಮುಖ್ಯ ವಿಷಯಗಳನ್ನು ವಿಶ್ವವಿದ್ಯಾಲಯವೇ ಗೊತ್ತುಮಾಡಿರುತ್ತದೆ. 2021-22ರಲ್ಲಿ ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ, ಬೇರೆ ವಿಭಾಗದ ಒಂದು ವಿಷಯವನ್ನು ಮುಕ್ತವಾಗಿ ಆರಿಸಿಕೊಳ್ಳುವ ಅವಕಾಶ ಬಂದಿತು. 2024-25ರಿಂದ ರಾಜ್ಯವು ಆ ಪದ್ಧತಿಯನ್ನು ಬಿಟ್ಟು ಹಿಂದಿನಂತೆ ಮೂರು ವರ್ಷದ ಪದವಿಗೆ ಮರಳಿತು. ನಿಜವಾದ ಆಯ್ಕೆ ನಡೆಯುವುದು ಇನ್ನೂ ಮುಂಚೆ, ಪಿ.ಯು.ಸಿ.ಗೆ ಸೇರುವ ದಿನ. ಅಲ್ಲಿ ಎರಡು ಭಾಷೆಗಳೊಡನೆ ನಾಲ್ಕು ವಿಷಯಗಳು. ವಾಣಿಜ್ಯದವರಿಗೆ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನಗಳು ತಪ್ಪಿದ್ದಲ್ಲ. ಅರ್ಥಶಾಸ್ತ್ರವೂ ಸಾಮಾನ್ಯವಾಗಿ ಜೊತೆಗಿರುತ್ತದೆ. ನಾಲ್ಕನೆಯದು ಇತಿಹಾಸವೋ, ಸಂಖ್ಯಾಶಾಸ್ತ್ರವೋ, ಬೇಸಿಕ್ ಮ್ಯಾಥ್ಸೋ, ಕಂಪ್ಯೂಟರ್ ಸೈನ್ಸೋ ಎಂಬುದೇ ಪ್ರಶ್ನೆ. ಹದಿನಾರು ವರ್ಷದ ಹುಡುಗಿ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟಾಗ, "ಇತಿಹಾಸ ಸುಲಭ, ತೆಗೆದುಕೋ" ಎಂದುಬಿಟ್ಟೆ. ಇತಿಹಾಸದ ತಪ್ಪೇನೂ ಇಲ್ಲ. ನಾನೂ ಅದನ್ನು ಪ್ರೀತಿಯಿಂದಲೇ ಓದುತ್ತಿದ್ದೇನೆ. ಆದರೆ ಅವಳ ಮನಸ್ಸಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಆಗುವ ಆಸೆ ಇತ್ತೆಂಬುದನ್ನು ನಾನು ಕೇಳಲೇ ಇಲ್ಲ.

ಆ ಪರೀಕ್ಷೆಯ ಮೊದಲ ಹಂತವಾದ ಫೌಂಡೇಷನ್‌ನಲ್ಲಿ ನೂರು ಅಂಕಗಳ ನಾಲ್ಕು ಪತ್ರಿಕೆಗಳಿವೆ: ಲೆಕ್ಕಶಾಸ್ತ್ರ, ವ್ಯಾಪಾರ ಕಾನೂನು, ಗಣಿತ-ತರ್ಕ-ಸಂಖ್ಯಾಶಾಸ್ತ್ರಗಳು ಸೇರಿದ ಒಂದು ಪತ್ರಿಕೆ, ಅರ್ಥಶಾಸ್ತ್ರ. ಪ್ರತಿಯೊಂದರಲ್ಲಿಯೂ ಕನಿಷ್ಠ 40, ಒಟ್ಟಿನಲ್ಲಿ ನೂರಕ್ಕೆ 50 ಬರಬೇಕು. ಮೂರನೆಯ ಪತ್ರಿಕೆಯಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಅಂದಾಜಿನ ಮೇಲೆ ಗುರುತು ಹಾಕಿ ಪಾರಾಗುವಂತಿಲ್ಲ. ಇನ್ನೊಂದು ದಾರಿಯೂ ಉಂಟು. ವಾಣಿಜ್ಯ ಪದವಿಯಲ್ಲಿ ನೂರಕ್ಕೆ 55 ಪಡೆದವರು ಫೌಂಡೇಷನ್ ಬರೆಯದೆ ನೇರವಾಗಿ ಎರಡನೆಯ ಹಂತಕ್ಕೆ ಹೋಗಬಹುದು. ಬೇರೆ ಪದವೀಧರರಿಗೆ 60 ಬೇಕು. ಎಂದರೆ ಬಿ.ಎ. ಓದಿದ ನಮಗೂ ಆ ಬಾಗಿಲು ಮುಚ್ಚಿಲ್ಲ! ಇದನ್ನು ನಮ್ಮ ತರಗತಿಯಲ್ಲಿ ಹೇಳಿದಾಗ ಒಬ್ಬರೂ ನಂಬಲಿಲ್ಲ.

ಇನ್ನು ಲೆಕ್ಕಶಾಸ್ತ್ರದ ಮಾತು. ಕಾನೂನಿನ ಒಂದು ಅಧ್ಯಾಯ ತಪ್ಪಿದರೆ ಮುಂದಿನದನ್ನು ಓದಿಕೊಳ್ಳಬಹುದು. 1872ರ ಕರಾರು ಕಾಯಿದೆಯನ್ನು ಪರೀಕ್ಷೆಯ ಹಿಂದಿನ ವಾರ ಕುಳಿತು ಓದಿದವರನ್ನೂ ಬಲ್ಲೆ. ಲೆಕ್ಕಶಾಸ್ತ್ರ ಹಾಗಲ್ಲ, ಅದು ಗೋಡೆ ಕಟ್ಟಿದಂತೆ. ಮೊದಲ ತಿಂಗಳ ಸಾಲು ಸೊಟ್ಟಗಾದರೆ ಮೇಲಿನದೆಲ್ಲ ಸೊಟ್ಟ. ನಮ್ಮ ತಂದೆಯವರಿಗೆ ಬಸ್ ನಿಲ್ದಾಣದ ಬಳಿ ಚಹದ ಅಂಗಡಿ ಇದೆ. ಅವರ ಪುಸ್ತಕದಲ್ಲಿ "ಹಾಲಿನವರು 1,270" ಎಂದು ಒಂದೇ ಸಾಲು. ಕೊಟ್ಟದ್ದೋ ಕೊಡಬೇಕಾದದ್ದೋ ಅವರಿಗೆ ಮಾತ್ರ ಗೊತ್ತು. ಜೋಡಿನಮೂದು ಪದ್ಧತಿಯಲ್ಲಿ ಅದೇ ವ್ಯವಹಾರಕ್ಕೆ ಎರಡು ಮುಖ: ಸಾಲಕ್ಕೆ ಹಾಲು ತಂದರೆ ಖರೀದಿ ಖಾತೆಗೆ 1,270 ಖರ್ಚು, ಹಾಲಿನವರ ಖಾತೆಗೆ 1,270 ಜಮಾ. ಹೀಗೆ ಪ್ರತಿಯೊಂದನ್ನೂ ಎರಡು ಕಡೆ ಬರೆದಮೇಲೆ, ಎಲ್ಲ ಖಾತೆಗಳ ಖರ್ಚಿನ ಬಾಕಿಗಳ ಮೊತ್ತ ಜಮೆಯ ಬಾಕಿಗಳ ಮೊತ್ತಕ್ಕೆ ಸರಿಹೊಂದಲೇಬೇಕು. ಇದನ್ನು ನೋಡುವುದಕ್ಕೆ ತಾಳೆಪಟ್ಟಿ. 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಗ್ರಂಥದಲ್ಲಿ ಲೂಕಾ ಪಾಚಿಯೋಲಿ ಎಂಬ ಸಂನ್ಯಾಸಿ ಈ ಪದ್ಧತಿಯನ್ನು ವಿವರಿಸಿದನು. ಸಂನ್ಯಾಸಿಗೇಕೆ ಲಾಭನಷ್ಟದ ಗೊಡವೆ ಎಂದು ತಂಗಿ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ತಾಳೆ ಬಂದಿತೆಂದ ಮಾತ್ರಕ್ಕೆ ಲೆಕ್ಕ ಸರಿಯೆಂದು ತಿಳಿಯಬಾರದು. ಅಂಗಡಿಗೆ ಕೊಂಡ ಹೊಸ ಒಲೆಯನ್ನು ಆಸ್ತಿಯೆಂದು ಬರೆಯದೆ ಖರೀದಿಯೆಂದು ಬರೆದರೂ ಎರಡು ಬದಿಗಳು ಸಮನಾಗಿಯೇ ನಿಲ್ಲುತ್ತವೆ. ಆ ವರ್ಷದ ಲಾಭ ಮಾತ್ರ ಇದ್ದುದಕ್ಕಿಂತ ಕಡಮೆಯಾಗಿ ಕಾಣುತ್ತದೆ. ಇಂಥ ತಪ್ಪನ್ನು ಕಂಡುಹಿಡಿಯಲು ಕೂಡಿಕೆ ಬಂದರೆ ಸಾಲದು. ವ್ಯವಹಾರದ ಸ್ವರೂಪ ತಿಳಿದಿರಬೇಕು.

ಭಾಷೆಯ ವಿಚಾರ. ಅಂಕ ಹೆಚ್ಚು ಬರುತ್ತದೆಂದು ಸಂಸ್ಕೃತಕ್ಕೆ ಹೋಗುವವರ ಸಂಗತಿ ಎಲ್ಲರಿಗೂ ಗೊತ್ತಿದ್ದದ್ದೇ, ಬಿಡೋಣ. ಕನ್ನಡ ಮಾಧ್ಯಮದವರಿಗೆ ಒಂದು ಮಾತು ಹೇಳಲೇಬೇಕು. ಸಿ.ಎ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬಹುದು. ಹಾಗೆಂದು ಕನ್ನಡದಲ್ಲಿ ಕಲಿಯುವುದನ್ನು ಬಿಡಬೇಕಾಗಿಲ್ಲ. ಮೊದಲ ದಿನದಿಂದಲೇ ಪ್ರತಿ ಪಾರಿಭಾಷಿಕ ಪದವನ್ನೂ ಎರಡು ಭಾಷೆಗಳಲ್ಲಿ ಬರೆದಿಟ್ಟುಕೊಂಡರೆ ಆಯಿತು. ತಂಗಿಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಈಗ ಅಂಥ ಪಟ್ಟಿಯೊಂದು ಬೆಳೆಯುತ್ತಿದೆ.

ಸಂಜೆ ನಾವಿಬ್ಬರೂ ಒಂದೇ ಗಣಿತ ಪುಸ್ತಕವನ್ನು ಓದುತ್ತೇವೆ: ಅವಳು ಫೌಂಡೇಷನ್ನಿಗೆ, ನಾನು ಎಂ.ಎ.ಗೆ. ಮೊನ್ನೆ ಅವಳು ತಂದೆಯವರ ಒಂದು ತಿಂಗಳ ಲೆಕ್ಕವನ್ನು ಖಾತೆಗಳಿಗೆ ಇಳಿಸಿ ತಾಳೆಪಟ್ಟಿ ತೆಗೆದಾಗ 450 ರೂಪಾಯಿ ವ್ಯತ್ಯಾಸ ಬಂದಿತು. ನಾನು ಮೊದಲಿನಿಂದ ಕೂಡಲು ಹೊರಟೆ. ಅವಳು ತಡೆದು, 450ನ್ನು ಒಂಬತ್ತರಿಂದ ಭಾಗಿಸಿದಳು. ಶೇಷವಿಲ್ಲದೆ 50 ಬಂದಿತು. "ಅಣ್ಣಾ, ಎಲ್ಲಿಯೋ ಅಂಕಿಗಳು ಅದಲುಬದಲಾಗಿರಬೇಕು. ಹಾಗಾದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ" ಎಂದು ಹೇಳಿ ಪುಟ ತಿರುವಿದಳು. ಹಾಲಿನವರ ಖಾತೆಯಲ್ಲಿ 1,270ರ ಬದಲು 1,720 ಎಂದಿತ್ತು. ಬರೆದವನು ನಾನು.