ಉಕ್ಕು ಮತ್ತು ಹೆಸರಿಲ್ಲದ ಕಮ್ಮಾರ: ಕೊಪ್ಪಳ ಪರಿಸರದ ಲೋಹಪರಂಪರೆ

ಜಪಾನಿನ ಪ್ರಾಚೀನ ಖಡ್ಗಗಳಲ್ಲಿ ಹಿಡಿಯೊಳಗೆ ಸೇರುವ ಲೋಹಭಾಗದ ಮೇಲೆ ಕಮ್ಮಾರನು ತನ್ನ ಹೆಸರನ್ನೂ, ಕೆಲವೊಮ್ಮೆ ಊರು ಹಾಗೂ ಕಾಲವನ್ನೂ ಕೊರೆಯುತ್ತಿದ್ದನು. ಬಿಜೆನ್ ಪ್ರಾಂತದ ಒಸಾಫುನೆಯ ಕಮ್ಮಾರ ಮನೆತನಗಳನ್ನು ವಿದ್ವಾಂಸರು ಗುರುತಿಸಿರುವುದು ಬಹುಮಟ್ಟಿಗೆ ಇಂತಹ ರುಜುಗಳಿಂದಲೇ. ಕರ್ನಾಟಕದ ಲೋಹಪರಂಪರೆಯಲ್ಲಿ ಇಂತಹ ಆಧಾರ ವಿರಳ. ಇಲ್ಲಿ ವಸ್ತುವಿನಿಂದಲೇ ಕರ್ತೃವನ್ನು ಅರಿಯಬೇಕಾಗುತ್ತದೆ.

ಗಂಗಾವತಿ ಸಮೀಪದ ಹಿರೇಬೆಣಕಲ್ಲಿನಲ್ಲಿ ಕಬ್ಬಿಣ ಯುಗಕ್ಕೆ ಸೇರಿದ ಸುಮಾರು 400 ಬೃಹತ್ ಶಿಲಾ ರಚನೆಗಳಿವೆ. ಆನೆಗೊಂದಿ ಪರಿಸರದ ಕಡೆಬಾಗಿಲು ನೆಲೆಯಲ್ಲಿ 2003ರಿಂದ ನಡೆದ ಉತ್ಖನನಗಳಲ್ಲಿ ಅದೇ ಯುಗದ ಕಬ್ಬಿಣದ ವಸ್ತುಗಳು ದೊರೆತಿವೆ.

ಕಬ್ಬಿಣದಿಂದ ಉಕ್ಕನ್ನು ಪಡೆಯುವ ವಿದ್ಯೆಯೂ ದಕ್ಷಿಣ ಭಾರತದಲ್ಲಿ ಬೆಳೆಯಿತು. ಮೆದು ಕಬ್ಬಿಣದ ತುಂಡುಗಳನ್ನು ಕಟ್ಟಿಗೆ, ಸೊಪ್ಪುಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತೀವ್ರವಾಗಿ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲ ಬೆರೆತು ಕಬ್ಬಿಣವು ಉಕ್ಕಾಗುತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂತಹ ಮೂಸೆಗಳ ಅವಶೇಷಗಳು ಕಂಡುಬಂದಿವೆ. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಈ ಬಗೆಯ ಉಕ್ಕನ್ನು 'ವೂಟ್ಸ್' ಎಂಬ ಹೆಸರಿನಿಂದ ಪರಿಚಯಿಸಿದನು. ಆ ಪದವು ಕನ್ನಡದ 'ಉಕ್ಕು' ಎಂಬುದರ ರೂಪಾಂತರವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಹೀಗೆ ಲೋಹದ ಹೆಸರು ದೇಶಾಂತರಕ್ಕೆ ಹೋಯಿತಾದರೂ ಅದನ್ನು ಕಾಸಿದವನ ಹೆಸರು ಉಳಿಯಲಿಲ್ಲ. ಕಬ್ಬಿಣದ ಕಿಟ್ಟ, ಮೂಸೆಯ ಚೂರು, ತಿದಿಯ ಕೊಳವೆಯ ತುಂಡುಗಳೇ ಅವನ ದಾಖಲೆಗಳು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಗ್ರಾಮವಾರು ಕ್ಷೇತ್ರಕಾರ್ಯದಲ್ಲಿ ಇವನ್ನು ಶಾಸನಗಳಷ್ಟೇ ಎಚ್ಚರದಿಂದ ದಾಖಲಿಸುವುದು ಅಗತ್ಯ. ಹೊಲ ಸಮಮಾಡುವಾಗ ಕಿಟ್ಟದ ದಿಬ್ಬವೊಂದು ಅಳಿದರೆ, ಅಲ್ಲಿ ದುಡಿದ ಕಮ್ಮಾರನ ಏಕೈಕ ರುಜುವೂ ಅಳಿದಂತೆ.